ಓಡದ ಮೀಟರು

ನನ್ನ ಮೇಲೆ ಕಳ್ಳತನದ ಅನುಮಾನ ಬಂದದ್ದು ಆಯುಷ್ಯದಲ್ಲಿ ಒಂದೇ ಸಲ, ಅದೂ ನೀರಿನ ವಿಷಯದಲ್ಲಿ. ನೀರು ಪೋಲಾಗದಿರಲೆಂದು ನಗರಸಭೆಯವರು ಹುಣಸೂರಿನ ನಮ್ಮ ಬೀದಿಯ ನಲ್ಲಿಗಳಿಗೆಲ್ಲ ಮೀಟರು ಕೂರಿಸಿದ್ದರು. ರೀಡಿಂಗ್ ಬರೆದುಕೊಳ್ಳಲು ಬಂದ ಹೆಂಗಸು ನನ್ನ ಮೀಟರಿನ ಗಾಜನ್ನು ಸೆರಗಿನಿಂದ ಒರೆಸಿ, ಬೆರಳಿನಿಂದ ಕುಟ್ಟಿ, ನನ್ನ ಮುಖ ನೋಡಿದಳು.

"ಸಾ, ಇದು ಕೆಟ್ಟೋಗದೆ ಕಣ್ ಸಾ. ಓಡ್ತಾನೇ ಇಲ್ವಲ್ಲ. ಪೈಪ್ ಏನಾರ ಬ್ಯಾರೆ ಕಡೆಯಿಂದ ಎಳ್ಕಂಡಿದ್ದೀರಾ?"

"ಕೆಟ್ಟಿಲ್ಲಮ್ಮ. ಓಡಿಸೋರು ಇಲ್ಲ, ಅಷ್ಟೆ."

ಓಡಿಸುತ್ತಿದ್ದವಳು ನನ್ನ ತಂಗಿ, ಶಾಲೆಯ ಟೀಚರು. ನನಗೆ ಮದುವೆಯಾಗಲಿಲ್ಲ, ಅವಳು ಮಾಡಿಕೊಳ್ಳಲಿಲ್ಲ. ಇಬ್ಬರೂ ಒಂದೇ ಮನೆಯಲ್ಲಿ ಜಗಳವಾಡಿಕೊಂಡು ಬಹಳ ವರ್ಷ ಸುಖವಾಗಿದ್ದೆವು. ಜಗಳವೆಲ್ಲ ನೀರಿನದೇ. ಅವಳು ಅಂಗಳಕ್ಕೆ ಎರಡು ಬಕೆಟ್ ಸುರಿದರೆ ನನ್ನ ಕಣ್ಣಮುಂದೆ ಲಕ್ಷ್ಮಣತೀರ್ಥ ಬತ್ತಿಹೋಗುತ್ತಿತ್ತು. ಒಗೆದ ಬಟ್ಟೆಯ ನೊರೆ ಚರಂಡಿಗಿಳಿದರೆ ಅದೇ ಹೊಳೆಯ ಮೀನುಗಳೆಲ್ಲ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. "ನಲ್ಲಿ ನಿಲ್ಲಿಸೇ!" ಎನ್ನುವುದೇ ನಮ್ಮ ಮನೆಯ ಸುಪ್ರಭಾತ. ಹೋದ ಮಳೆಗಾಲದಲ್ಲಿ ಅವಳಿಗೆ ಸರಗೂರಿಗೆ ವರ್ಗವಾಯಿತು. ನಲ್ಲಿ ನಿಂತಿತು.

ನಮ್ಮ ಮಾತಿನಲ್ಲಿ ನೀರು 'ಬರುತ್ತದೆ'. "ನೀರು ಬಂತಾ?", "ಇವತ್ತು ಬರಲಿಲ್ಲ" ಎನ್ನುತ್ತೇವೆ, ನೆಂಟರನ್ನು ವಿಚಾರಿಸಿದ ಹಾಗೆ. ಬಂದ ನೆಂಟರಿಗೂ ಮೊದಲು ಕೈಕಾಲಿಗೆ ಒಂದು ಚೊಂಬು, ಆಮೇಲೆ ಕುಡಿಯಲು ಒಂದು ಚೊಂಬು. ನನ್ನ ಮನೆಗೆ ಈಗ ನೀರು ಮಾತ್ರ ಬರುತ್ತದೆ, ದಿನ ಬಿಟ್ಟು ದಿನ.

ವಾರದ ಮೇಲೆ ನಮ್ಮ ವಾರ್ಡಿನ ಮೆಂಬರು ನಗುನಗುತ್ತಾ ಬಂದರು. "ಅಣ್ಣ, ವಾರ್ಡ್‌ಗೆಲ್ಲ ಕಮ್ಮಿ ನೀರು ನಿಮ್ದೇ ಕಣ್ರಣ್ಣ! ಬರೋ ತಿಂಗ್ಳೂ ಇಂಗೇ ಇದ್ರೆ ಶಾಲು ಹೊದಿಸ್ತೀವಿ. ಎಂಗೆ ಉಳಿಸ್ತೀರಾಂತ ಜನಕ್ಕೆ ಎರಡು ಮಾತು ಹೇಳ್ಬುಡಿ."

ಶಾಲು ಎಂದರೆ ಯಾರಿಗೆ ಬೇಡ? ಅಂದಿನಿಂದ ಭಾಷಣದ ಚಿಂತೆ ಹತ್ತಿತು. ಕಾಗದ ತೆಗೆದು ಬರೆದೆ: 'ಮಾನ್ಯರೇ, ಮೊದಲು ಮನೆಯವರಿಗೆ ವರ್ಗವಾಗಬೇಕು. ಆಮೇಲೆ ಒಂದೇ ತಟ್ಟೆ, ಒಂದೇ ಲೋಟ...' ಮುಂದೆ ಪೆನ್ನು ಓಡಲಿಲ್ಲ. ಅದೂ ಮೀಟರಿನ ಹಾಗೇ ನಿಂತಿತು. ಊರೆಲ್ಲ ಹೀಗೆ ನೀರು ಉಳಿಸಿದರೆ ಹೊಳೆಯೇನೋ ತುಂಬೀತು. ಅದರ ದಡದಲ್ಲಿ ನಿಂತು ನೋಡುವವರು ಯಾರು?

ತಂಗಿಗೆ ಫೋನು ಮಾಡಿದೆ. "ಭಾನುವಾರ ಬಾರೇ. ಕಂಬಳಿ, ರಗ್ಗು ಎಲ್ಲ ಕಟ್ಟಿಕೊಂಡು ಬಾ. ಇಲ್ಲೇ ಒಗೆದುಬಿಡು."

"ಯಾಕಣ್ಣ, ಮೈಗೆ ಹುಷಾರಿಲ್ವಾ?"

"ಮೀಟರು ಕೆಟ್ಟಿದೆಯಂತೆ ಕಣೆ. ಓಡಿಸಿ ನೋಡಬೇಕು."

ಭಾನುವಾರ ಅವಳು ಮೂಟೆಯೊಂದಿಗೆ ಬಸ್ಸಿಳಿದಳು. ಹಿತ್ತಲ ಕಲ್ಲಿನ ಮೇಲೆ ರಗ್ಗು ಬಡಿಯುವ ಸದ್ದು, ಮೀಟರಿನೊಳಗೆ ಪುಟ್ಟ ಚಕ್ರದ ಗಿರಗಿರ. ನನ್ನ ಶಾಲು ಕಣ್ಣೆದುರೇ ನೊರೆಯೊಂದಿಗೆ ಹರಿದುಹೋಯಿತು. ಅಭ್ಯಾಸಬಲ ನೋಡಿ, ಒಳಗಿನಿಂದಲೇ ಕೂಗಿದೆ: "ನಲ್ಲಿ ನಿಲ್ಲಿಸೇ!"

ಪುಣ್ಯಕ್ಕೆ ಅವಳು ನನ್ನ ಮಾತು ಕೇಳುವವಳಲ್ಲ.