ಮರೆಪ್ಪ ಕಾಣದ ಮಧ್ಯಾಹ್ನ

ಕುರ್ಲಾದ ಆ ಚಾಳಿಗೆ ಮೊದಲ ಮೊಬೈಲ್ ಫೋನು ಬಂದದ್ದು ಧರ್ಮಣ್ಣನ ಸೊಂಟದ ಮೇಲೆ. ಅದು ಅವನದಲ್ಲ, ಅವನು ಕೆಲಸಕ್ಕಿದ್ದ ಬಿಲ್ಡರ್ ಸೇಠರದ್ದು. ಮುಂಬಯಿಯಲ್ಲಿ ಮೊಬೈಲ್ ಶುರುವಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಸೇಠರು ತಮಗೊಂದು ಹೊಸದನ್ನು ತೆಗೆದುಕೊಂಡು, ಸೈಟಿನಲ್ಲಿ ಇವನು ಯಾವ ಮೂಲೆಯಲ್ಲಿದ್ದರೂ ಕೈಗೆ ಸಿಗಲಿ ಎಂದು ಹಳೆಯದನ್ನು ಕೊಟ್ಟಿದ್ದರು. ಕಪ್ಪು ಬಣ್ಣ, ಇಟ್ಟಿಗೆಯ ಚೂರಿನಷ್ಟು ಭಾರ, ತಲೆಯ ಮೇಲೆ ಎಳೆದರೆ ಉದ್ದವಾಗುವ ಒಂದು ಕಡ್ಡಿ. ಬಂದ ಫೋನಿಗೂ ದುಡ್ಡು ಬೀಳುತ್ತಿದ್ದ ಕಾಲ ಅದು. ಆದ್ದರಿಂದ ಕೆಲಸದ ಮಾತು ಬಿಟ್ಟು ಬೇರೇನೂ ಆಡಕೂಡದು ಎಂಬುದು ಸೇಠರ ಕಟ್ಟಪ್ಪಣೆ.

ಧರ್ಮಣ್ಣ ಸುರಪುರದ ಕಡೆಯವನು. ಎಂಬತ್ತೊಂದರಲ್ಲಿ ಮುಂಬಯಿಗೆ ಬಂದಾಗ ತಲೆಯ ಮೇಲೆ ಉಸುಕು ಹೊತ್ತಿದ್ದ. ಮುಂದೆ ಗಾರೆ ಕಲಿತ, ಸೆಂಟ್ರಿಂಗ್ ಕಲಿತ, ಹಿಂದಿ ಮರಾಠಿ ಎರಡರಲ್ಲೂ ಬೈಯುವುದನ್ನು ಕಲಿತ, ಹಾಗೆಯೇ ಮುಕಾದಮನಾದ. ತನ್ನ ಸೀಮೆಯ ಆಳುಗಳನ್ನು ಕರೆತಂದು ಕೆಲಸಕ್ಕೆ ಹಚ್ಚುವುದು, ಅವರ ಜ್ವರ, ಜಗಳ, ಊರಿನ ಸುದ್ದಿ ಎಲ್ಲವನ್ನೂ ನೋಡಿಕೊಳ್ಳುವುದು ಅವನ ಪಾಲಿಗೆ ಬಂದಿತ್ತು. ಮಕ್ಕಳಿರಲಿಲ್ಲ. ಅವನು ಮತ್ತು ಹೆಂಡತಿ ಸುಂದ್ರವ್ವ ಇಬ್ಬರೇ. ಫೋನು ಮನೆಗೆ ಬಂದ ಸಂಜೆ ಸುಂದ್ರವ್ವ ರೊಟ್ಟಿ ಬಡಿಯುತ್ತಿದ್ದಳು. ಅದು ಕೂಗಿಕೊಂಡಾಗ ಹಿಟ್ಟಿನ ಕೈಯಲ್ಲೇ ಎದ್ದು ಬಾಗಿಲ ಹೊರಗೆ ಹೋಗಿ ನಿಂತಳು.

"ಇದನ್ನ ಮನ್ಯಾಗ ತರಬ್ಯಾಡ್ರಿ. ತಂತಿ ಇಲ್ಲ, ಏನಿಲ್ಲ. ಯಾರ ಧ್ವನಿ ಎಲ್ಲಿಂದ ಬರ್ತದೋ ಏನೋ."

ಧರ್ಮಣ್ಣ ನಕ್ಕುಬಿಟ್ಟಿದ್ದ.

ಆಗ ಸಾಂತಾಕ್ರೂಜ್ ಪೂರ್ವದಲ್ಲಿ, ಹೈವೇಗೆ ಹತ್ತಿರ, ಏಳು ಮಾಳಿಗೆಯ ಒಂದು ಬಿಲ್ಡಿಂಗ್ ಏಳುತ್ತಿತ್ತು. ಕೆಳಗೆ ಫೋನಿಗೆ ರೇಂಜ್ ಸಿಗುತ್ತಿರಲಿಲ್ಲ. ಮೇಲೆ ಹೋದಷ್ಟೂ ಧ್ವನಿ ತಿಳಿಯಾಗುತ್ತಿತ್ತು. ಹೀಗಾಗಿ ಧರ್ಮಣ್ಣ ದಿನದ ಬಹುಪಾಲನ್ನು ಮೇಲಿನ ಸ್ಲ್ಯಾಬಿನ ಮೇಲೆಯೇ ಕಳೆಯತೊಡಗಿದ. ಅಲ್ಲಿ ಅವನ ಜೊತೆಗೆ ಹೆಚ್ಚಾಗಿ ಇರುತ್ತಿದ್ದವನು ಮರೆಪ್ಪ.

ಮರೆಪ್ಪ ಶಹಾಪುರದ ಹತ್ತಿರದ ಹಳ್ಳಿಯವನು, ಮದುವೆಯಾಗಿ ಎರಡು ವರ್ಷವೂ ಆಗಿರದ ಹುಡುಗ. ಮಾತು ಕಡಿಮೆ. ಆದರೆ ಕೆಲಸ ಮಾಡುವಾಗ ತನ್ನಷ್ಟಕ್ಕೆ ತಾನೇ ಏನೋ ಗುನುಗುತ್ತಿದ್ದ. ಹೆಂಡತಿ ಹಾಲವ್ವ ಬಸುರಿಯಾಗಿ ಊರಿನಲ್ಲಿದ್ದಳು. ಒಂದು ದಿನ ಅವನು ಬುಟ್ಟಿ ಇಳಿಸಿ, ತಲೆಯ ಮೇಲಿನ ಸಿಂಬಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಕೇಳಿದ.

"ಯಣ್ಣಾ, ನಿನ್ನ ಫೋನಿನ ನಂಬರ್ ಊರಿಗೆ ಕೊಡ್ಲೇನು? ಹಡದ ಮ್ಯಾಲೆ ಒಮ್ಮೆ ಹೇಳ್ಲಿ ಅಂತ. ಒಂದs ಸಲ."

ಸೇಠರ ಕಟ್ಟಪ್ಪಣೆ ಧರ್ಮಣ್ಣನಿಗೆ ನೆನಪಿತ್ತು. ಆದರೂ, "ಕೊಡಪಾ. ಮಗ ಹುಟ್ಟಿದ್ರ ಪೇಢಾ, ಮಗಳು ಹುಟ್ಟಿದ್ರ ಜಿಲೇಬಿ. ಮರೀಬ್ಯಾಡ ಮತ್ತ" ಎಂದ. ಅದೇ ವಾರ ಊರಿಗೆ ಹೊರಟಿದ್ದ ಶಂಕ್ರೆಪ್ಪನೆಂಬ ಅವರ ಕಡೆಯ ಆಳಿನ ಕೈಯಲ್ಲಿ ನಂಬರು ಹೋಯಿತು.

ಫೋನು ಬಂದದ್ದು ಒಂದು ಭಾನುವಾರ. ಆಳುಗಳಿಗೆಲ್ಲ ರಜೆ. ಹೊಸ ಸ್ಲ್ಯಾಬಿಗೆ ನೀರು ಬಿಡಲು ಮರೆಪ್ಪ ಒಬ್ಬನೇ ಉಳಿದಿದ್ದ. ಲೆವೆಲ್ ನೋಡಲು ಬಂದ ಧರ್ಮಣ್ಣನೂ ಏಳನೇ ಮಾಳಿಗೆಯಲ್ಲಿದ್ದ. ಕೆಳಗೆ ಗೇಟಿನಲ್ಲಿ ವಾಚ್‌ಮನ್, ಅಷ್ಟೇ ಜನ.

"ಹಲೋ" ಎಂದಾಗ ಅತ್ತ ಕಡೆಯಿಂದ ಹೆಣ್ಣಿನ ಧ್ವನಿ. "ನಾ ಹಾಲವ್ವ ರೀ. ದವಾಖಾನಿಯಿಂದ ಮನಿಗೆ ಹೊಂಟೀವ್ರಿ. ನಮ್ಮಣ್ಣ ಬೂತಿಗೆ ಕರ್ಕೊಂಡು ಬಂದಾನ. ಅವರು ಅದಾರೇನ್ರಿ?"

ಧರ್ಮಣ್ಣ ಪೈಪು ಹಿಡಿದು ನಿಂತಿದ್ದ ಮರೆಪ್ಪನನ್ನು ಕೂಗಿದ. ಮರೆಪ್ಪ ಒದ್ದೆ ಕೈಯನ್ನು ಅಂಗಿಗೆ ಎರಡೆರಡು ಸಲ ಒರೆಸಿಕೊಂಡು, ಹಕ್ಕಿಮರಿಯನ್ನು ತೆಗೆದುಕೊಳ್ಳುವವನ ಹಾಗೆ ಫೋನನ್ನು ತೆಗೆದುಕೊಂಡ. ಕೇಳಿಸಿಕೊಂಡ. ಆಮೇಲೆ ಫೋನನ್ನು ಕಿವಿಯಿಂದ ತೆಗೆದು ಎದೆಗೆ ಒತ್ತಿಕೊಂಡು, ಧರ್ಮಣ್ಣನ ಕಡೆಗೆ ತಿರುಗಿ, ಆ ಮಾತು ಕಡಿಮೆಯ ಹುಡುಗ ಕೆಳಗಿನ ರಸ್ತೆಗೂ ಕೇಳುವಂತೆ ಒದರಿದ: "ಯಣ್ಣಾ, ಹೆಣ್ಣಂತ! ನನಗ ಹೆಣ್ಣಂತ!"

ಬೂತಿನ ಫೋನಾಗಿದ್ದರೆ ಅದರ ತಂತಿ ಮನುಷ್ಯನನ್ನು ಒಂದು ಕಡೆ ಹಿಡಿದಿಡುತ್ತದೆ. ಇದಕ್ಕೆ ತಂತಿಯಿರಲಿಲ್ಲ. ಧ್ವನಿ ಕಡಿದು ಕಡಿದು ಬರತೊಡಗಿದಾಗ ಮರೆಪ್ಪ ಅತ್ತ ಹೋದ, ಇತ್ತ ಬಂದ. "ತಡಿ, ಕೇಳಸವಲ್ದು. ಜರಾ ಸರದು ನಿಂದರ್ತೀನಿ" ಎನ್ನುತ್ತ ಹಿಂದೆ ಹಿಂದೆ ಸರಿದ. ಆ ಕಡೆ ಅಂಚಿಗೆ ಇನ್ನೂ ಗೋಡೆ ಎದ್ದಿರಲಿಲ್ಲ. ಧರ್ಮಣ್ಣ ಬಾಗಿ ಪೈಪಿನ ಸುರುಳಿ ಬಿಡಿಸುತ್ತಿದ್ದ. ತಲೆ ಎತ್ತಿದಾಗ ಮರೆಪ್ಪ ಇದ್ದ ಜಾಗದಲ್ಲಿ ಬಿಸಿಲು ಮಾತ್ರ ಇತ್ತು.

ಫೋನು ಅಂಚಿನಿಂದ ಮೊಳದಷ್ಟು ಈಚೆಗೆ, ಒದ್ದೆ ಗೋಣಿಚೀಲದ ಮೇಲೆ ಬಿದ್ದಿತ್ತು. ಅದರೊಳಗಿಂದ ಹಾಲವ್ವ ಕೇಳುತ್ತಲೇ ಇದ್ದಳು: "ಕೇಳಸ್ತದೇನ್ರಿ? ಹಲೋ? ಈಗ ಕೇಳಸ್ತದೇನು?"

ಧರ್ಮಣ್ಣ ಕೆಳಗೆ ಇಣುಕುವ ಮೊದಲು ಬಗ್ಗಿ ಫೋನನ್ನು ಎತ್ತಿಕೊಂಡ. ಯಾಕೆ ಹಾಗೆ ಮಾಡಿದೆ ಎಂದು ಆಮೇಲೆ ಎಷ್ಟು ಯೋಚಿಸಿದರೂ ಅವನಿಗೆ ಹೊಳೆಯಲಿಲ್ಲ. ಕೈ ತಾನಾಗಿ ಮಾಡಿತ್ತು. ಬಾಯಿಯೂ ತಾನಾಗಿ ಆಡಿತು: "ತಂಗೀ, ರೇಂಜ್ ಹೋತವಾ. ಆಮ್ಯಾಲೆ ಮಾತಾಡಸ್ತೀನಿ."

"ಆಗ್ಲಿ ಅಣ್ಣಾರ" ಎಂದಳು ಅವಳು. ಧ್ವನಿಯಲ್ಲಿ ನಗುವಿತ್ತು.

ಸೇಠರು ಬಂದು ಏರ್ಪಾಡುಗಳೆಲ್ಲ ಆಗುವಷ್ಟರಲ್ಲಿ ಸಂಜೆಯಾಗಿತ್ತು. ಎಲ್ಲರ ಬಾಯಲ್ಲೂ ಸಂಜೆಯೇ ಉಳಿಯಿತು. ಮರೆಪ್ಪ ಸಂಜೆ ನೀರು ಬಿಡುವಾಗ ಕಾಲು ಜಾರಿ ಬಿದ್ದ ಎಂದಾಯಿತು. "ಫೋನ್ ಕಾ ನಾಮ್ ಮತ್ ಲೇನಾ," ಫೋನಿನ ಹೆಸರೆತ್ತಬೇಡ ಎಂದು ಸೇಠರು ಒಂದೇ ಮಾತು ಹೇಳಿದರು. ಧರ್ಮಣ್ಣ ತಲೆಯಾಡಿಸಿದ. ಅಷ್ಟರಲ್ಲಿ ಊರಿನಿಂದ ಮರಳಿ ಬಂದಿದ್ದ ಶಂಕ್ರೆಪ್ಪ ಹೆಣದ ಜೊತೆಗೆ ಮತ್ತೆ ಊರಿಗೆ ಹೋದ. ಧರ್ಮಣ್ಣನಿಗೆ ಹೋಗಲಾಗಲಿಲ್ಲ, ಮೈ ಕೆಂಡದಂತೆ ಸುಡುತ್ತಿತ್ತು.

ಒಂದೆರಡು ತಿಂಗಳಾದ ಮೇಲೆ ಫೋನು ಬಂತು. ಧರ್ಮಣ್ಣ ಮನೆಯಲ್ಲಿದ್ದ. ಕುರ್ಲಾದಲ್ಲಿ ಬಾಗಿಲ ಹೊರಗೆ ನಿಂತರೆ ಮಾತ್ರ ಧ್ವನಿ ಕೇಳುತ್ತಿತ್ತು.

"ಅಣ್ಣಾರ, ನಾ ಹಾಲವ್ವ." ಅವಳು ಕೇಳಿದಳು: "ಒಂದು ಮಾತು ಕೇಳಬೇಕಾಗಿತ್ರಿ. ನನ್ನ ಕೂಡ ಮಾತಾಡಿದ ಮ್ಯಾಲೆ ಅವತ್ತು ಮಧ್ಯಾಹ್ನ ಅವರು ಏನು ಮಾಡಿದ್ರು? ಸಂಜೀ ತನಕ?"

ಧರ್ಮಣ್ಣ ಗೋಡೆಗೆ ಒರಗಿದ. ಎದುರಿನ ನಲ್ಲಿಯಲ್ಲಿ ಹೆಂಗಸರು ಕೊಡ ತುಂಬುತ್ತಿದ್ದರು.

"ಭಾಳ ಖುಷಿ ಇದ್ದ ತಂಗಿ," ಎಂದ. "ಜಿಲೇಬಿ ತಂದ."

"ಜಿಲೇಬಿ ತಂದ್ರಾ?"

"ಹೂಂ. ಸ್ಟೇಷನ್ ತನಕ ನಡಕೋತ ಹೋಗಿ ತಂದ. ವಾಚ್‌ಮನ್‌ಗ ಕೊಟ್ಟ, ನನಗ ಕೊಟ್ಟ."

ಅತ್ತ ಕಡೆ ಅವಳು ಅಳುತ್ತಿದ್ದಳು, ಆದರೆ ಅದು ಬೇರೆ ಬಗೆಯ ಅಳು. ಅಷ್ಟಕ್ಕೇ ಮುಗಿಯಬಹುದು ಎಂದುಕೊಂಡ ಧರ್ಮಣ್ಣ. ಮುಗಿಯಲಿಲ್ಲ. ಹಾಲವ್ವ ಸಂತೆಗೆ ಬಂದಾಗಲೆಲ್ಲ ಬೂತಿಗೆ ಹೋಗತೊಡಗಿದಳು. ಅವಳಿಗೆ ಬೇಕಾದದ್ದು ಆ ಮಧ್ಯಾಹ್ನವೊಂದೇ. ಊಟ ಮಾಡಿದ್ರಾ? ಏನು ಉಂಡ್ರು? ಮಗೂಗ ಏನು ಹೆಸರಿಡೋಣ ಅಂದ್ರು? ಧರ್ಮಣ್ಣ ಹೇಳುತ್ತ ಹೋದ. ಮರೆಪ್ಪ ಜುಣಕ ಭಾಕರಿ ಉಂಡ. ಸಿಮೆಂಟಿನ ಚೀಲದ ಮೇಲೆ ಅಂಗಾತ ಮಲಗಿ ವಿಮಾನ ಎಣಿಸಿದ. ಮಗಳಿಗೆ ಅವ್ವನ ಹೆಸರಿಡಬೇಕೆಂದ. ಇದನ್ನು ಕೇಳಿದ ಹಾಲವ್ವ ಕೂಸಿಗೆ ಅತ್ತೆಯ ಹೆಸರನ್ನೇ, ಭೀಮವ್ವ ಎಂದು ಇಟ್ಟಳು.

ಇಷ್ಟಾಗುವಾಗ ಧರ್ಮಣ್ಣನಿಗೆ ಒಂದು ವಿಚಿತ್ರವಾಯಿತು. ಹೇಳಿದ್ದೆಲ್ಲ ಕಣ್ಣಿಗೆ ಕಾಣತೊಡಗಿತು. ಸೈಟಿನ ಮೆಟ್ಟಿಲು ಹತ್ತುವಾಗ ಎದುರಿಗೆ ಮರೆಪ್ಪ ಎಣ್ಣೆಗಲೆಯ ಪೊಟ್ಟಣ ಹಿಡಿದು ಇಳಿದು ಬರುತ್ತಿದ್ದ. ಜಿಲೇಬಿಯ ವಾಸನೆ ಬಂದಂತಾಗಿ ಧರ್ಮಣ್ಣ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದ. ಲೋಕಲ್ ರೈಲಿನಲ್ಲಿ ಯಾರೋ ಗುನುಗಿದರೆ ತಿರುಗಿ ನೋಡುತ್ತಿದ್ದ. ಫೋನು ಕೂಗಿದರೆ ಮೊದಲು ಕೇಳುತ್ತಿದ್ದದ್ದು ಸೇಠರ ಧ್ವನಿಯಲ್ಲ, "ಈಗ ಕೇಳಸ್ತದೇನು?" ಎಂಬುದು. ಫೋನನ್ನು ಸ್ವಿಚ್ ಆಫ್ ಮಾಡಿ ಅಕ್ಕಿಯ ಡಬ್ಬಿಯಲ್ಲಿ ಹೂತಿಟ್ಟರೂ ಕೇಳುತ್ತಿತ್ತು.

ಸುಂದ್ರವ್ವ ಎಲ್ಲವನ್ನೂ ಬಾಗಿಲ ಹಿಂದಿನಿಂದ ಕೇಳಿಸಿಕೊಳ್ಳುತ್ತಿದ್ದಳು. ಒಂದು ಸಲ ಅವನು ಫೋನು ಇಟ್ಟ ಮೇಲೆ ಹೇಳಿದಳು: "ಅವತ್ತು ನಿಮ್ಮಂಗಿ ಒಗದಾಕಿ ನಾನು. ನೀವು ಮಧ್ಯಾಹ್ನಕ್ಕs ಮನಿಗೆ ಬಂದು ನಡಗಕೋತ ಕುಂತಿದ್ರಿ, ಮತ್ತ ಸಂಜೀಗೆ ಹೋದ್ರಿ. ಜಿಲೇಬಿ ಯಾವಾಗ ತಿಂದ್ರಿ?"

ಧರ್ಮಣ್ಣ ಅವಳಿಗೆ ಎಲ್ಲವನ್ನೂ ಹೇಳಿದ. ಕೆಳಗೆ ಇಣುಕುವ ಮೊದಲೇ ಫೋನು ಎತ್ತಿಕೊಂಡದ್ದನ್ನೂ ಹೇಳಿದ.

"ನಾಳೆನೇ ಆಕಿಗೆ ಹೇಳಿಬಿಡ್ತೀನಿ," ಎಂದ ಅವನು.

"ಹೇಳಿದ್ರ ನಿಮ್ಮ ಎದಿ ಹಗುರಾಗ್ತದ. ಆಕಿದು? 'ಗಂಡ ನನ್ನ ಕೂಡ ಮಾತಾಡಕೋತ ಸತ್ತ' ಅನ್ನೋದನ್ನ ಆಕಿ ಎಲ್ಲಿ ಇಟ್ಕೋಬೇಕು?"

ಹೀಗೆ ಅದು ಇದ್ದಲ್ಲೇ ಉಳಿಯಿತು.

ಮರುವರ್ಷ ಹಾಲವ್ವ ತಾನೇ ಬಂದಳು. ಗಂಡ ಕಟ್ಟಿದ ಬಿಲ್ಡಿಂಗನ್ನು ಕೂಸಿಗೆ ತೋರಿಸಬೇಕು ಎಂದಳು. ತೆಳ್ಳಗಿನ ಹೆಂಗಸು, ಕಂಕುಳಲ್ಲಿ ಆಗಷ್ಟೇ ನಡೆಯಲು ಕಲಿತ ಮಗಳು. ಸುಂದ್ರವ್ವ ಕೂಸಿಗೆ ಎಣ್ಣೆ ಹಚ್ಚಿ ಎರೆದಳು, ಇಬ್ಬರಿಗೂ ಬಡಿಸಿದಳು, ಆದರೆ ಆ ಮಾತನ್ನು ಎತ್ತಲಿಲ್ಲ. ಧರ್ಮಣ್ಣ ಅವರನ್ನು ಕರೆದುಕೊಂಡು ಸಾಂತಾಕ್ರೂಜಿಗೆ ಹೋದ. ಬಿಲ್ಡಿಂಗಿಗೆ ಬಣ್ಣ ಬಳಿದಾಗಿತ್ತು, ಕಿಟಕಿಗಳಿಗೆ ಪರದೆ ಬಂದಿದ್ದವು. ವಾಚ್‌ಮನ್ ಹಳಬನೇ. ಧರ್ಮಣ್ಣನ ಮುಖ ನೋಡಿ ಏನೂ ಕೇಳದೆ ಲಿಫ್ಟಿನ ಬಾಗಿಲು ತೆರೆದ.

ಏಳನೇ ಮಾಳಿಗೆಯ ಮನೆಯಲ್ಲಿ ವಯಸ್ಸಾದ ಗುಜರಾತಿ ಹೆಂಗಸೊಬ್ಬರಿದ್ದರು. ಈ ಹೆಂಗಸಿನ ಗಂಡ ಇಲ್ಲಿ ಕೆಲಸ ಮಾಡಿದವನು, ನೋಡಬೇಕೆಂದು ಊರಿನಿಂದ ಬಂದಿದ್ದಾಳೆ ಎಂದಾಗ ಅವರು ಸೆರಗು ಸರಿಪಡಿಸಿಕೊಂಡು ಒಳಗೆ ಕರೆದರು, ನೀರು ಕೊಟ್ಟರು.

"ನನ್ನ ಕೂಡ ಎಲ್ಲಿ ನಿಂತು ಮಾತಾಡಿದ್ರು ಅವರು?" ಎಂದು ಹಾಲವ್ವ ಕೇಳಿದಳು.

ಧರ್ಮಣ್ಣ ನಡುಮನೆಯ ಒಳಗೋಡೆಯನ್ನು ತೋರಿಸಿದ. "ಇಲ್ಲೇ. ಇದರ ಹಂತ್ಯಾಕ."

ಅವಳು ಗೋಡೆಯ ಮೇಲೆ ಕೈಯಿಟ್ಟಳು. ಮಗಳ ಕೈಯನ್ನೂ ಇಡಿಸಿದಳು. ಅಷ್ಟರಲ್ಲಿ ಮನೆಯೊಡತಿ, "ಆಯಿಯೇ, ಯಹಾಂಸೇ ವಿಮಾನ್ ದಿಖತಾ ಹೈ, ಬಚ್ಚೀಕೋ ದಿಖಾಯಿಯೇ" ಎಂದು ಮಗುವಿಗೆ ವಿಮಾನ ತೋರಿಸಲು ಬಾಲ್ಕನಿಗೆ ಕರೆದರು. ಹಾಲವ್ವ ಹೋಗಿ ನಿಂತಳು. ಎದೆಯ ಮಟ್ಟಕ್ಕೆ ಕಬ್ಬಿಣದ ಕಟಾಂಜನವಿತ್ತು. "ಅಣ್ಣಾರ, ನೀವೂ ಬರ್ರಿ" ಎಂದಳು.

ಧರ್ಮಣ್ಣನ ಕಾಲು ಹೊಸ್ತಿಲು ದಾಟಲಿಲ್ಲ. ಚೌಕಟ್ಟನ್ನು ಹಿಡಿದುಕೊಂಡ. ಕಣ್ಣು ಮಾತ್ರ ಕಟಾಂಜನದ ಆಚೆಗೆ ಹೋಗಿ ಅಲ್ಲೇ ನಿಂತಿತು. ಹಾಲವ್ವ ಅವನನ್ನು ನೋಡಿದಳು. ಕೆಳಗೆ ನೋಡಿದಳು. ಮತ್ತೆ ಅವನನ್ನು ನೋಡಿದಳು.

"ಇಲ್ಲಿಂದ ಬಿದ್ರಾ?"

ಅವನು ಹೌದೆಂದು ತಲೆಯಾಡಿಸಿದ.

"ಫೋನಿನ್ಯಾಗ ಇದ್ದಾಗs?"

ಈಗ ಅವನಿಗೆ ಸುಳ್ಳು ಬರಲಿಲ್ಲ. ಹಾಲವ್ವ ಮಗಳನ್ನು ಎದೆಗೆ ಅವುಚಿಕೊಂಡು ಬಾಲ್ಕನಿಯ ನೆಲದ ಮೇಲೆಯೇ ಕೂತುಬಿಟ್ಟಳು. "ಸರದು ನಿಂದರ್ತೀನಿ ಅಂದಿದ್ರು," ಎಂದಳು. "ನಾ ಒದರಕೋತs ಇದ್ದೆ, ಕೇಳಸ್ತದೇನು ಅಂತ." ಅವಳು ಅಳಲಿಲ್ಲ. ಏನೂ ತಿಳಿಯದ ಮನೆಯೊಡತಿ ಮತ್ತೆ ನೀರು ತಂದರು.

ಅದನ್ನು ಮುಟ್ಟದೆ ಹಾಲವ್ವ ಕೇಳಿದಳು: "ಜಿಲೇಬಿ?"

"ಇಲ್ಲ ತಂಗಿ."

"ಭೀಮವ್ವ ಅನ್ನೋ ಹೆಸರು?"

"ಇಲ್ಲ."

"ಹೆಣ್ಣು ಹುಟ್ಯಾದ ಅಂತ ನಾ ಹೇಳಿದ್ದಾದ್ರೂ ಅವರಿಗೆ ಕೇಳಿಸಿತ್ತೇನು?"

"ಕೇಳಿಸಿತ್ತು!" ಧರ್ಮಣ್ಣ ಹೊಸ್ತಿಲಲ್ಲೇ ಕುಸಿದು ಕೂತು ಕೈ ಮುಗಿದ. "ನನ್ನ ಕಡಿ ಹೊಳ್ಳಿ ಒದರಿದ, ಹೆಣ್ಣಂತ, ನನಗ ಹೆಣ್ಣಂತ ಅಂತ. ಅಷ್ಟು ಜೋರಾಗಿ ಅವ ಎಂದೂ ಒದರಿದ್ದಿಲ್ಲ. ಅದು ಖರೇ ತಂಗಿ, ದೇವರಾಣಿ, ಅದೊಂದು ಖರೇ."

ಹಾಲವ್ವ ಅವನ ಮುಖವನ್ನೇ ನೋಡುತ್ತಿದ್ದಳು. ವರ್ಷವಿಡೀ ಇಂಥದೇ ಸಿಹಿಮಾತುಗಳನ್ನು ಇದೇ ಧ್ವನಿ ಅವಳಿಗೆ ಹೇಳಿತ್ತು. ಎದ್ದು, ಮಗಳ ಮೂಗು ಒರೆಸಿ, "ನಡ್ರಿ" ಎಂದಳು.

ಮರುದಿನ ಗಾಡಿ ಹತ್ತಿಸುವಾಗ ಸುಂದ್ರವ್ವ ಬುತ್ತಿ ಕೊಟ್ಟು ಅವಳನ್ನು ತಬ್ಬಿಕೊಂಡಳು. ಹಾಲವ್ವ ಅವಳ ಹೆಗಲ ಮೇಲೆ ಆಗ ಅತ್ತಳು. ಧರ್ಮಣ್ಣನ ಕಡೆ ನೋಡಿ, "ಬರ್ತೀನ್ರಿ" ಎಂದಷ್ಟೇ ಹೇಳಿದಳು.

ಆಮೇಲೆ ಅವಳ ಫೋನು ಬರಲಿಲ್ಲ. ಕೆಲವು ವಾರ ಕಾದು ಧರ್ಮಣ್ಣ ಸೇಠರಿಗೆ ಫೋನನ್ನು ಒಪ್ಪಿಸಿ ಕೆಲಸ ಬಿಟ್ಟ. ಈಗ ರಸ್ತೆಯ ಗುತ್ತಿಗೆದಾರನೊಬ್ಬನ ಹತ್ತಿರ ಇದ್ದಾನೆ. ಚಾಳಿನಲ್ಲಿ ಒಬ್ಬೊಬ್ಬರ ಕೈಗೂ ಮೊಬೈಲ್ ಬರುತ್ತಿದೆ. ಯಾರಾದರೂ ಮಾತಾಡುತ್ತ ನಡೆಯತೊಡಗಿದರೆ, ಅದು ಸಪಾಟು ನೆಲವೇ ಆಗಿದ್ದರೂ, ಧರ್ಮಣ್ಣ ಹೋಗಿ ಅವರ ರಟ್ಟೆ ಹಿಡಿದು ನಿಲ್ಲಿಸುತ್ತಾನೆ. ಜನ ರೇಗುತ್ತಾರೆ. ಅವನು ಏನೂ ಹೇಳುವುದಿಲ್ಲ, ಅವರ ಮಾತು ಮುಗಿಯುವ ತನಕ ಬಿಡುವುದೂ ಇಲ್ಲ.