ಕುರಿ ಅಡ್ಡ ಬಂದಿರಲಿಲ್ಲ

ಹೋದ ವರ್ಷ ಶ್ರಾವಣದಲ್ಲಿ, ನನ್ನ ತವರು ಕಲ್ಯಾಣದುರ್ಗದಿಂದ ಕುಂದುರ್ಪಿಗೆ ನೆಂಟರ ಗೃಹಪ್ರವೇಶಕ್ಕೆ ಹೋಗುವಾಗ, ನನ್ನ ತಮ್ಮ ಶಿವಕುಮಾರ ಓಡಿಸುತ್ತಿದ್ದ ಕಾರು ಹುಣಸೆಮರಕ್ಕೆ ಗುದ್ದಿತು. ಮುಂದೆ ಕೂತಿದ್ದ ನನ್ನ ಯಜಮಾನರ ತಲೆಗೂ ಕಾಲಿಗೂ ಬಲವಾದ ಏಟು ಬಿತ್ತು. ನಾನು ಹಿಂದಿನ ಸೀಟಿನಲ್ಲಿದ್ದೆ. ತಮ್ಮ ಒಂದು ಕೈಯಲ್ಲಿ ಮೊಬೈಲ್ ಹಿಡಿದು ಮೆಸೇಜು ಓದುತ್ತಿದ್ದ. "ರೋಡ್ ನೋಡೋ" ಎಂದು ನಾನು ಹೇಳುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಕಲ್ಯಾಣದುರ್ಗದಲ್ಲಿ ಗಾಯಕ್ಕೆ ಕಟ್ಟು ಹಾಕಿಸಿ, ಯಜಮಾನರನ್ನು ಆಂಬ್ಯುಲೆನ್ಸ್‌ನಲ್ಲಿ ನಮ್ಮೂರು ಹಿಂದೂಪುರದ ಆಸ್ಪತ್ರೆಗೆ ತಂದೆ. ಅತ್ತ ತಮ್ಮ ಪೊಲೀಸರಿಗೆ ಕುರಿ ಅಡ್ಡ ಬಂತೆಂದು ಹೇಳಿಕೆ ಕೊಟ್ಟಿದ್ದ.

ಯಜಮಾನರಿಗೆ ಎಚ್ಚರವೇ ಬಂದಿರಲಿಲ್ಲ. ಐ.ಸಿ.ಯು. ಬಾಗಿಲಲ್ಲಿ ಕೂತು ನಮ್ಮ ಮನೆದೇವರು ವೀರಭದ್ರಸ್ವಾಮಿಯನ್ನು ಬೇಡಿಕೊಂಡೆ: "ಇವರನ್ನು ಉಳಿಸು. ತಮ್ಮನ ವಿಷಯ ಹೊರಗೆ ಬಾರದ ಹಾಗೆ ಕಾಪಾಡು." ಎರಡನ್ನೂ ಒಂದೇ ಉಸಿರಿನಲ್ಲಿ ಬೇಡಿದೆ. ನೆನೆದರೆ ಈಗಲೂ ಮುಖ ಎತ್ತಲಾಗುವುದಿಲ್ಲ.

ಪಕ್ಕದ ಮನೆಯವರು ನನ್ನನ್ನು ಕೋರ್ಟಿನಲ್ಲಿ ಉಚಿತ ಕಾನೂನು ನೆರವು ಕೊಡುವ ಕಡೆ ಕರೆದುಕೊಂಡು ಹೋದರು. ಅಲ್ಲಿದ್ದ ಲಾಯರಮ್ಮ ಪೊಲೀಸರ ಕಾಗದ ನೋಡಿ, "ಹೆಂಗಸರಿಗೆ ಫೀಸಿಲ್ದೆ ಕೇಸು ನಡೆಸಿ ಕೊಡ್ತೀವಿ ಕಣಮ್ಮ. ಪರಿಹಾರ ಕೊಡೋದು ಇನ್ಶೂರೆನ್ಸ್‌ನೋರು. ಆದ್ರೆ ಇಲ್ಲಿ ಕುರಿ ಅಡ್ಡ ಬಂತು ಅಂತ ಐತೆ. ಓಡಿಸ್ದೋರ ತಪ್ಪು ಅಂತ ಗೊತ್ತಾಗ್ದಿದ್ರೆ ಕೇಸು ನಿಲ್ಲಲ್ಲ. ನೀವೇನು ನೋಡಿದ್ರಿ?" ಎಂದರು.

ನಾನು ನೆಲ ನೋಡುತ್ತಾ, "ನಾಳೆ ಬತ್ತೀನಿ" ಎಂದು ಎದ್ದುಬಂದೆ.

ಸಂಜೆ ಆಸ್ಪತ್ರೆಗೆ ಒಬ್ಬ ಮುದುಕ ಬಂದ. ಕುಂದುರ್ಪಿ ಕಡೆಯ ಕುರಿಗಾಹಿ. ಅಲ್ಲಿನ ನಮ್ಮ ನೆಂಟರನ್ನು ವಿಚಾರಿಸಿಕೊಂಡು, ಬಸ್ಸು ಬದಲಿಸಿ ಬದಲಿಸಿ ಬಂದಿದ್ದ.

"ನನ್ನ ಕುರಿ ಅಡ್ಡ ಬರ್ಲಿಲ್ಲ ಕಣಮ್ಮ. ಹೊಲದಾಗೆ ಮೇಯ್ತಿದ್ವು. ಪೊಲೀಸ್ನೋರು ಸ್ಟೇಷನ್‌ಗೆ ಬಾ ಬಾ ಅಂತಾವ್ರೆ. ನೀನು ಕಾರಾಗಿದ್ದೋಳು, ನೀನಾದ್ರೂ ನಿಜಂ ಹೇಳಮ್ಮ."

ಅವನು ಗಾಜಿನೊಳಗೆ ಇಣುಕಿ ಯಜಮಾನರನ್ನು ನೋಡಿ, "ಪಾಪಂ, ಬೇಗ ಎದ್ದೇಳ್ಲಿ" ಎಂದು ಕೈ ಮುಗಿದ. ಅವನ ಮೇಲೆ ಗೂಬೆ ಕೂರಿಸಿದವರು ನಾವು. ಅವನು ನಮ್ಮ ಮನೆಯವರಿಗಾಗಿ ಕೈ ಮುಗಿಯುತ್ತಿದ್ದ. ಆಗ ಆದ ನಾಚಿಕೆಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ಹೇಳ್ತೀನಿ ಕಣಪ್ಪ, ನೀನು ಧೈರ್ಯವಾಗಿ ಹೋಗು" ಎಂದೆ.

ಬೆಳಿಗ್ಗೆ ತಮ್ಮ ಬಂದಾಗ, ಕಂಡದ್ದನ್ನು ಹೇಳಿಬಿಡುತ್ತೇನೆಂದು ಅವನಿಗೂ ಹೇಳಿದೆ. ಅವನು ನನ್ನ ಕೈ ಹಿಡಿದುಕೊಂಡ. "ಅಕ್ಕಾ, ತವರಿನ ಮಾನ ತೆಗೀಬೇಡ. ನಾನು ಜೈಲಿಗೆ ಹೋಗ್ಬೇಕಾಯ್ತದೆ." ಅಷ್ಟರಲ್ಲಿ ನರ್ಸ್ ಕೂಗಿದಳು. ಯಜಮಾನರು ಕಣ್ಣು ಬಿಟ್ಟಿದ್ದರು. ಇಬ್ಬರೂ ಒಳಗೆ ಓಡಿದೆವು. ತೊದಲುತ್ತಾ ಅವರು ಆಡಿದ ಮೊದಲ ಮಾತು: "ಶಿವೂಗೆ ಏನೂ ಆಗ್ಲಿಲ್ಲ ತಾನೇ?"

ತಮ್ಮ ಮಂಚದ ಸರಳು ಹಿಡಿದು ಕುಸಿದುಬಿಟ್ಟ. "ಭಾವಾ, ಕುರಿ ಬರ್ಲಿಲ್ಲ ಭಾವಾ. ನಾನು ಫೋನ್ ನೋಡ್ತಿದ್ದೆ" ಎಂದು ಎಲ್ಲರ ಮುಂದೆ ಅತ್ತ.

ಅವತ್ತೇ ಕಲ್ಯಾಣದುರ್ಗಕ್ಕೆ ಹೋಗಿ ಪೊಲೀಸರ ಮುಂದೆ ನಡೆದದ್ದನ್ನು ನಡೆದ ಹಾಗೆ ಹೇಳಿದ. ನಾನು ಕಂಡದ್ದನ್ನು ನಾನೂ ಹೇಳಿದೆ. ಕುರಿಗಾಹಿಯನ್ನು ಆಮೇಲೆ ಯಾರೂ ಕರೆಯಲಿಲ್ಲ. ಲಾಯರಮ್ಮ ಪರಿಹಾರಕ್ಕೆ ಅರ್ಜಿ ಹಾಕಿದರು. ಈ ವರ್ಷ ವಿಮೆಯವರು ರಾಜಿಗೆ ಬಂದು ದುಡ್ಡು ಕೊಟ್ಟರು, ಯಜಮಾನರ ಕಾಲಿನ ಎರಡನೆಯ ಆಪರೇಷನ್ನೂ ಆಯಿತು. ತಮ್ಮನ ಮೇಲಿನ ಕೇಸು ಇನ್ನೂ ನಡೆಯುತ್ತಿದೆ. ನೆಂಟರ ಮನೆಗಳಲ್ಲಿ ನಾನು ತಮ್ಮನನ್ನು ಕೋರ್ಟು ಹತ್ತಿಸಿದವಳು.

ಯಜಮಾನರು ಕೋಲೂರಿ ನಡೆಯುವಂತಾದ ಮೇಲೆ ಒಂದು ಸೋಮವಾರ ಸ್ವಾಮಿಯ ಗುಡಿಗೆ ಹೋದೆವು. ಜೊತೆಗೆ ಬಂದ ತಮ್ಮ ಚಪ್ಪಲಿ ಬಿಡುವ ಕಡೆಯೇ ನಿಂತುಬಿಟ್ಟ. ನಾನು ಕರೆದರೂ ಬರಲಿಲ್ಲ. ಯಜಮಾನರು ಕುಂಟುತ್ತಾ ಹಿಂದಕ್ಕೆ ಹೋಗಿ, "ಬಾರ್ಲಾ ಶಿವೂ, ನನಗೆ ಮೆಟ್ಲು ಹತ್ತೋಕಾಗಲ್ಲ, ಹಿಡ್ಕೋ" ಎಂದು ಅವನ ಹೆಗಲ ಮೇಲೆ ಕೈಯಿಟ್ಟರು. ಇಬ್ಬರೂ ಹಾಗೇ ಒಳಗೆ ಬಂದರು.

ನಾನು ಬೇಡಿದ್ದರಲ್ಲಿ ಒಂದನ್ನು ಸ್ವಾಮಿ ನಡೆಸಿಕೊಟ್ಟ, ಇನ್ನೊಂದನ್ನು ನಡೆಸಿಕೊಡಲಿಲ್ಲ. ಎರಡಕ್ಕೂ ಅವನಿಗೆ ಶರಣು.