ಇನ್ನೊಂದು ಹಲ್ಲು

ಸಿಟ್ಟು ಬಂದರೆ ಟೀಚರಮ್ಮನ ಮೂಗಿನ ನತ್ತು ನಡುಗುತ್ತಿತ್ತು. ಸೀರೆ ನೇಯುವ ಗದ್ವಾಲದ ನಮ್ಮ ಓಣಿಯಲ್ಲಿ ಆ ನತ್ತನ್ನು ನೋಡಿಯೇ ಮಂದಿ ದಾರಿ ಬಿಡುತ್ತಿದ್ದರು. ಅವರು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದರು. ಅವರ ಒಬ್ಬಳೇ ಮಗಳು ಕೂಸಾಗಿದ್ದಾಗಲೇ, ದಡಾರ ವಾಸಿಯಾದ ಮೇಲೆ ತೀರಿಕೊಂಡಿದ್ದಳು. ನಮ್ಮಲ್ಲಿ ದಡಾರವೆಂದರೆ 'ಅಮ್ಮ'. ಗುಳ್ಳೆ ಇಳಿದರೆ ಅಮ್ಮನನ್ನು ಕಳಿಸಿಕೊಡಬೇಕೆಂದು ಮಗುವಿಗೆ ನೀರು ಹಾಕಿ, ಮೊಸರನ್ನ ಹಂಚಲು ಓಣಿಯನ್ನೆಲ್ಲ ಕರೆಯುತ್ತಾರೆ. ಹಾಗೆ ಬಂದವರ ಕೆಮ್ಮು ಟೀಚರಮ್ಮನ ಕೂಸಿನ ಎದೆಗೆ ಇಳಿದಿತ್ತು.

"ಅಮ್ಮ ಅಲ್ಲ ಅದು, ವೈರಸ್ಸು! ನನ್ನ ಮಗಳನ್ನ ತಿಂದೈತಿ. ಅದರ ಹಲ್ಲು ಒಂದೊಂದ ಕೀಳತೀನಿ ನೋಡ್ರಿ," ಎನ್ನುತ್ತಿದ್ದರು. ಓಣಿಯ ಯಾವ ಕೂಸಿಗೆ ದಡಾರದ ಸೂಜಿ ಹಾಕಿಸಿದರೂ, "ಇನ್ನೊಂದು ಹಲ್ಲು ಬಿತ್ತು!" ಅನ್ನದೆ ಬಿಡುತ್ತಿರಲಿಲ್ಲ.

ಪ್ರತ್ಯೇಕ ತೆಲಂಗಾಣ ರಾಜ್ಯಕ್ಕಾಗಿ ಬಂದ್ ಮೇಲೆ ಬಂದ್ ನಡೆಯುತ್ತಿದ್ದ ಕಾಲ. ನನ್ನ ಮಗನಿಗೆ ದಡಾರ ಎದ್ದಿತು. ಸೂಜಿ ಬೇಡವೆಂದಿದ್ದವರು ನಮ್ಮ ಅತ್ತೆ. ಗುಳ್ಳೆ ಇಳಿದದ್ದೇ ತಡ, ನೆಂಟರನ್ನೂ ಅವರೇ ಕರೆದರು. ನೆಂಟರು ಅಂಗಳಕ್ಕೆ ಬಂದರು. ಅಷ್ಟರಲ್ಲಿ ಟೀಚರಮ್ಮ ಒನಕೆ ಹಿಡಿದು ಬಂದು ನಮ್ಮ ಬಾಗಿಲಿಗೆ ಅಡ್ಡ ನಿಂತರು.

"ಅಮ್ಮ ಹೋಗ್ಯಾಳ, ಇನ್ನೇನ್ ಅಂಜಿಕಿ?" ಎಂದರು ಅತ್ತೆ.

ಟೀಚರಮ್ಮ ನಮ್ಮ ಮಗ್ಗದ ಮೇಲೆ ತೂಗುತ್ತಿದ್ದ, ಅಂಚಿನ ಹೂವಿಗೆ ಎಳೆ ಎತ್ತಿಸುವ ತೂತಿನ ರಟ್ಟುಗಳನ್ನು ತೋರಿಸಿದರು. "ಈ ತೂತಿಗೆ ಕಾಗದ ಅಂಟಿಸಿದ್ರ ಸೀರಿ ಅಂಚಿನ್ಯಾಗ ಹೂ ಬರತೈತೇನ್ರಿ?"

"ಎಲ್ಲಿಂದ ಬರತೈತಿ?"

"ರಟ್ಟು ಹರದಿಲ್ಲ, ಅಲ್ಲೇ ಐತಿ. ಆದ್ರ ಕೆಲಸ ಮಾಡಂಗಿಲ್ಲ. ಮೈಯಾಗ ರೋಗ ತಡಿಯೋ ಕಾವಲುಗಾರರನ್ನ ಕರಿಯೋ ಜೀನುಗಳ ಬಾಯಿ ಈ ಹಲ್ಕಟ್ ವೈರಸ್ಸು ಹಿಂಗ ಮುಚ್ಚತೈತ್ರಿ. ಗುಳ್ಳಿ ಹೋದ್ರೂ ತಿಂಗಳುಗಟ್ಲೆ ಕಾವಲು ಸಡಲ ಇರತೈತಿ. ಇವತ್ತ ಯಾರರ ಕೆಮ್ಮಿ ನಿಮ್ಮ ಮೊಮ್ಮಗನ ಎದಿ ಕಟ್ಟಿದ್ರ, ಬಂದ್‌ನ್ಯಾಗ ಕರ್ನೂಲಿನ ದವಾಖಾನಿಗೆ ಹೆಂಗ ಒಯ್ತೀರಿ?"

ಅತ್ತೆಗೆ ವೈರಸ್ಸು ತಿಳಿಯಲಿಲ್ಲ. ಜೀವಮಾನವೆಲ್ಲ ನೇಯ್ದವರಿಗೆ ರಟ್ಟು ತಿಳಿಯಿತು. ನೆಂಟರು ಅಂಗಳದಲ್ಲೇ ಉಂಡು, ಒನಕೆಯನ್ನು ಬೈಯುತ್ತ ಹೋದರು. ನನ್ನ ಮಗ ಉಳಿದ.

ರಾಜ್ಯ ಬಂದ ದಿನ ಊರೆಲ್ಲ ಪಟಾಕಿ. ಟೀಚರಮ್ಮ ಕಟ್ಟೆಯ ಮೇಲೆ ಕೂತು, "ರಾಜ್ಯ ಬಂತು. ನನ್ನ ವೈರಿ ಇನ್ನಾ ಬದುಕೈತಿ," ಎಂದರು. ಅದೇ ವರ್ಷ ಹೋಗಿಬಿಟ್ಟರು.

ಅವರನ್ನು ಮಣ್ಣು ಮಾಡಿದ ಮರುದಿನ ನಾದಿನಿಯ ಕೂಸನ್ನು ಎತ್ತಿಕೊಂಡು ದಡಾರದ ಸೂಜಿಗೆ ಹೊರಟವರು ನಮ್ಮ ಅತ್ತೆಯೇ. ಸೂಜಿ ಚುಚ್ಚಿದಾಗ ಕೂಸು ಓಣಿ ಕೇಳುವಂತೆ ಕಿರುಚಿತು. ಅತ್ತೆ ಹೊರಗೆ ಬಂದು, ಸ್ಮಶಾನದ ಕಡೆ ಮುಖ ಮಾಡಿ ಕೂಗಿದರು:

"ಟೀಚರಮ್ಮಾ, ಇನ್ನೊಂದು ಹಲ್ಲು ಬಿತ್ರೀ!"